ನಾವು ಬೆನ್ನು ತಿರುಗಿಸಿದ ಕಾರು

ಜೂನ್ 2, ಸೋಮವಾರ

ಮುಷ್ಕರ ಮುಗಿಸುವಾಗ ಆಡಳಿತ ಕೊಡುತ್ತೇವೆ ಎಂದದ್ದು: ಮೊದಲ ಪಾಳಿಗೆ ಕಂಪನಿ ಬಸ್ಸು. ಬಸ್ಸು ತಡವಾದರೆ ಹಾಜರಿಯಲ್ಲಿ ಕೆಂಪು ಗುರುತು ಹಾಕುವುದಿಲ್ಲ ಎಂಬ ಮಾತು. ಬಾಟಲಿ ನೋಡುವ ಹೆಂಗಸರಿಗೆ ಬೆನ್ನೊರಗಿಸುವ ಕುರ್ಚಿ.

ಕೊಟ್ಟದ್ದು: ಬಸ್ ಸ್ಟಾಪಿನ ಕಂಬ. ಗೇಟಿನ ಹೊರಗೆ ನೆಟ್ಟಿದ್ದಾರೆ. ನೀಲಿ ಬಿಳಿ ಬಣ್ಣ ಬಳಿದಿದ್ದಾರೆ. ತುದಿಯಲ್ಲಿ ತಗಡಿನ ಮೇಲೆ ಬಸ್ಸಿನ ಚಿತ್ರ ಇದೆ. ಬಸ್ಸು ಇಲ್ಲ.

ಇಲ್ಲ ಎಂದದ್ದು: ಉಳಿದದ್ದೆಲ್ಲ.

ಇದನ್ನು ಯಾರೂ ಓದಬೇಕಾಗಿಲ್ಲ. ಆದರೂ ಬರೆದಿಡುತ್ತೇನೆ. ಮರೆವು ಯಾವಾಗಲೂ ಆಡಳಿತದ ಕಡೆಗೇ ಓಟು ಹಾಕುತ್ತದೆ.

ಇವತ್ತು ಸಂಘದ ಕಾರ್ಯದರ್ಶಿಯಾಗಿ ಸಿಬ್ಬಂದಿ ಅಧಿಕಾರಿಯ ಕೋಣೆಗೆ ನುಗ್ಗಿ ಕೇಳಿದೆ. "ಕಂಬ ಹಾಕಿದೀವಲ್ಲ ಮೇಡಂ, ಎಲ್ಲಾ ಹಂತ ಹಂತವಾಗಿ ಬರುತ್ತೆ" ಎಂದ. "ಹಾಗಾದ್ರೆ ನಾವೂ ನಾಳೆ ಬರೀ ಟೋಪಿ ಕಳಿಸ್ತೀವಿ ಸಾರ್, ತಲೆ ಮುಂದಿನ ಹಂತದಲ್ಲಿ ಬರುತ್ತೆ" ಎಂದು ಹೇಳಿ ಬಂದೆ.

ಈ ಗಾಜಿನ ಕಾರ್ಖಾನೆಗೆ ನಮ್ಮ ಒಂದೇ ಮನೆಯಿಂದ ಐದು ಜನ ಹೋಗುತ್ತೇವೆ. ಭಾವ ಕುಲುಮೆಯ ಮುಂದೆ. ನಮ್ಮವರು ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ನಾದಿನಿ ಪ್ಯಾಕಿಂಗಿನಲ್ಲಿ. ನಾನೂ ದೊಡ್ಡಮ್ಮನೂ ಬೆಳಕಿನ ಪರದೆಯ ಮುಂದೆ ಕೂತು, ಸಾಲಾಗಿ ಹಾದುಹೋಗುವ ಬಾಟಲಿಗಳಲ್ಲಿ ಸೀಳು, ಗುಳ್ಳೆ, ಓರೆ ಕತ್ತು ಕಂಡದ್ದನ್ನು ಎತ್ತಿ ಬಿಸಾಡುತ್ತೇವೆ. ದೊಡ್ಡಮ್ಮ ಎಂದರೆ ನಮ್ಮವರ ದೊಡ್ಡಮ್ಮ; ತಾಯಿ ಹೋದ ಮೇಲೆ ಅಣ್ಣ, ತಮ್ಮ, ತಂಗಿ ಮೂವರನ್ನೂ ಸಾಕಿದವಳು. ಮುಷ್ಕರ ಮುಗಿಯುತ್ತಲೇ ಕಂಪನಿ ನಮ್ಮ ಕ್ವಾರ್ಟರ್ಸ್ ಕೆಡವಿ ಗೋದಾಮು ಕಟ್ಟಿತು. ನಾವು ಹೊಳೆಯಾಚೆ ಬಾಡಿಗೆ ಮನೆಗೆ ಬಂದೆವು. ಅಲ್ಲಿಂದ ಹೊರಡುವ ಮೊದಲ ಸರಕಾರಿ ಬಸ್ಸು ಅದಕ್ಕೆ ಮನಸ್ಸು ಬಂದಾಗ ಬರುತ್ತದೆ. ಕಾರ್ಖಾನೆಯ ಗೇಟು ಮಾತ್ರ ಆರಕ್ಕೆ ಸರಿಯಾಗಿ ಮುಚ್ಚುತ್ತದೆ.

ವರ್ಷದಲ್ಲಿ ಮೂರು ಕೆಂಪು ಗುರುತು ಬಿದ್ದರೆ ಕೆಲಸದಿಂದ ಹೆಸರು ತೆಗೆಯುತ್ತಾರೆ. ದೊಡ್ಡಮ್ಮನಿಗೆ ಎರಡು ಬಿದ್ದಿವೆ. ಡಿಸೆಂಬರಿಗೆ ಅವಳ ನಿವೃತ್ತಿ. ಅದಕ್ಕೆ ಮೊದಲು ಹೆಸರು ಹೋದರೆ ನಿವೃತ್ತಿವೇತನವೂ ಹೋಯಿತು. ಕಣ್ಣು ಸವೆಸಿದ ಇಷ್ಟು ವರ್ಷ, ಒಂದು ಬಸ್ಸಿನ ಸೋಮಾರಿತನಕ್ಕೆ ಬಲಿ.

ಬಿಡುವುದಿಲ್ಲ.

ಜೂನ್ 3, ಮಂಗಳವಾರ

ಬೆಳಗ್ಗೆ ಬಸ್ ಕಾಯುವಾಗ ಆ ಬೂದು ಕಾರಿನ ಪೀಡೆ ಹಾದುಹೋಯಿತು. ಐದೂ ಜನ ಬೆನ್ನು ತಿರುಗಿಸಿದೆವು.

ಇದು ಮುಷ್ಕರದ ಕಾಲದ ರೂಢಿ. ದೊಡ್ಡ ಮ್ಯಾನೇಜರನ ಬೂದು ಬಣ್ಣದ ಕಾರು ದಿನಾ ಬೆಳಗ್ಗೆ ನಮ್ಮ ಸಾಲನ್ನು ಸೀಳಿಕೊಂಡು ಒಳಗೆ ಹೋಗುತ್ತಿತ್ತು. ಕಲ್ಲು ಬೇಡ, ಬೈಗುಳ ಬೇಡ, ಮುಖವನ್ನೇ ತೋರಿಸುವುದು ಬೇಡ ಎಂದು ಠರಾವು ಮಾಡಿದೆವು. ಮಂಡಿಸಿದವಳು ನಾನೇ. ಕಾರು ಕಂಡ ತಕ್ಷಣ ಗೇಟಿನ ಮುಂದೆ ಕೂತಿದ್ದ ಅಷ್ಟೂ ಜನ ಒಟ್ಟಿಗೆ ಎದ್ದು ಬೆನ್ನು ಹಾಕುತ್ತಿದ್ದೆವು. ಆ ಮೌನ ಯಾವ ಘೋಷಣೆಗಿಂತಲೂ ಜೋರಾಗಿತ್ತು. ಮುಷ್ಕರ ಮುಗಿಯಿತು; ಬೆನ್ನು ತಿರುಗಿಸುವುದು ಮುಗಿದಿಲ್ಲ.

ಆ ಕಾರಿನ ಡ್ರೈವರನ ಮನೆ ನಮ್ಮ ಬೀದಿಯ ಕೊನೆಯಲ್ಲೇ ಇದೆ. ರಾತ್ರಿ ಕಾರನ್ನು ಮನೆ ಮುಂದೆ ನಿಲ್ಲಿಸಿಕೊಳ್ಳುತ್ತಾನೆ, ಬೆಳಗ್ಗೆ ಸಾಹೇಬನನ್ನು ಕರೆತರಲು ನಮ್ಮ ಮೂಗಿನ ಮುಂದೆ ಹೋಗುತ್ತಾನೆ. ಅವನಿಗೆ ನಾವಿಟ್ಟ ಹೆಸರು ಬಾಲ. ಸಾಹೇಬ ಹೋದ ಕಡೆ ಹೋಗುವವನು. ಬೀದಿಯಲ್ಲಿ ಯಾರೂ ಅವನೊಡನೆ ಮಾತಾಡುವುದಿಲ್ಲ. ಆಗಬೇಕಾದದ್ದೇ.

ಜೂನ್ 8, ಭಾನುವಾರ

ಮನೆಯಲ್ಲಿ ಸಭೆ ಕರೆದೆ.

"ಅತ್ತಿಗೆ, ಐದೇ ಜನ ಇದೀವಿ. ಸುಮ್ನೆ ಮಾತಾಡೋಣ ಅಂದ್ರೆ ಸಾಲ್ದಾ?" ಎಂದಳು ನಾದಿನಿ. ಮಾತಾಡಿದರೆ ಮಾತಷ್ಟೇ ಉಳಿಯುತ್ತದೆ, ಸಭೆ ಮಾಡಿದರೆ ತೀರ್ಮಾನ ಉಳಿಯುತ್ತದೆ ಎಂದೆ. ಅವಳು ನೀರಿನ ಲೋಟವನ್ನು ಮೈಕಿನ ಹಾಗೆ ನನ್ನ ಮುಂದೆ ಇಟ್ಟಳು.

ಮೊದಲನೆಯ ತೀರ್ಮಾನ: ಕಂಪನಿಯ ಬಸ್ಸಿಗೆ ಹೋರಾಡುತ್ತಲೇ ಇರುವುದು. ಆದರೆ ಅದು ಬರುವ ತನಕ ದೊಡ್ಡಮ್ಮನ ಕೆಲಸ ಉಳಿಸಲು ಐವರ ಉಳಿತಾಯ ಕೂಡಿಸಿ ಒಂದು ಕಾರು ಕೊಳ್ಳುವುದು. ಎಲ್ಲರೂ ಕೈ ಎತ್ತಿದರು.

ಎರಡನೆಯದು ಎಂಥ ಕಾರು ಎಂಬುದು. ಇಲ್ಲಿ ಜಗಳ.

ಭಾವ ಚಿಕ್ಕ ಕಾರು ಸಾಕು, ಅಗ್ಗ ಎಂದರು. ದೊಡ್ಡಮ್ಮನ ಬಲಗಾಲಿನ ಮಂಡಿ ಪೂರ್ತಿ ಮಡಚುವುದಿಲ್ಲ. ಹೋದ ತಿಂಗಳು ಪಕ್ಕದ ಮನೆಯವರ ಚಿಕ್ಕ ಕಾರಿನಿಂದ ಅವಳನ್ನು ಇಳಿಸಲು ಇಬ್ಬರು ಬೇಕಾಯಿತು. "ಕಾರಿಂದ ಇಳಿಸಿದ್ರೋ, ಬಾಟಲಿಯಿಂದ ಬಿರಡೆ ಕಿತ್ತರೋ" ಎಂದಳು ಅವಳೇ. ಜೀಪಿನಂಥ ಎತ್ತರದ ಗಾಡಿ ಎಂದರೆ, "ಅದಕ್ಕೆ ಏಣಿನೂ ಕೊಡ್ತಾರಾ?" ಎಂದಳು. ಕೊನೆಗೆ ನಿಂತದ್ದು ಇಷ್ಟು: ತಗ್ಗಾಗಿ, ಉದ್ದಕ್ಕೆ, ಬಾಗಿಲು ಅಗಲಕ್ಕೆ ತೆರೆಯುವ ದೊಡ್ಡ ಸೆಡಾನ್. ಮುಂದಿನ ಸೀಟಿನಲ್ಲಿ ಅವಳು ಕಾಲು ಚಾಚಬೇಕು. ಹಿಂದೆ ನಾವು ಮೂವರು ಒಬ್ಬರ ತೊಡೆಯ ಮೇಲೊಬ್ಬರು ಕೂರದೆ ಹಿಡಿಯಬೇಕು. ಡಿಕ್ಕಿಯಲ್ಲಿ ಬ್ಯಾನರಿನ ಗಳಗಳೂ ಮೆಗಾಫೋನೂ ಹಿಡಿಸಬೇಕು. ಈ ಕೊನೆಯದು ನನ್ನ ಬೇಡಿಕೆ. ಬೆಲೆ ನಮ್ಮ ಕೈಗೆ ಎಟುಕಬೇಕು.

"ನೀವೇನೂ ಹೇಳ್ಲಿಲ್ಲ" ಎಂದು ನಮ್ಮವರನ್ನು ಕೇಳಿದೆ.

"ಬೆಳಗ್ಗೆ ಸ್ಟಾರ್ಟ್ ಆಗ್ಬೇಕು" ಎಂದರು.

"ಆಮೇಲೆ?"

"ಮಾರನೇ ದಿನಾನೂ ಸ್ಟಾರ್ಟ್ ಆಗ್ಬೇಕು."

ಎಲ್ಲರೂ ನಕ್ಕರು. ನಾನು ಅದನ್ನು ಪಟ್ಟಿಗೆ ಸೇರಿಸಲಿಲ್ಲ. ಅದೂ ಒಂದು ಬೇಡಿಕೆಯೇ?

ಜೂನ್ 10, ಮಂಗಳವಾರ

ಊಟದ ಬಿಡುವಿನಲ್ಲಿ ನಾದಿನಿ ಓಡಿಬಂದಳು. ನೋಟೀಸ್ ಬೋರ್ಡಿನಲ್ಲಿ ಹಾಕಿದ್ದಾರಂತೆ: ಮ್ಯಾನೇಜರನಿಗೆ ಕಂಪನಿ ಹೊಸ ಕಾರು ಕೊಡಿಸುತ್ತಿದೆ, ಬೂದು ಕಾರನ್ನು ಗೊತ್ತುಮಾಡಿದ ಬೆಲೆಗೆ ಮಾರುತ್ತಾರೆ, ನೌಕರರೂ ಅರ್ಜಿ ಹಾಕಬಹುದು.

"ಉದ್ದಕ್ಕಿದೆ, ತಗ್ಗಿಗಿದೆ, ಡಿಕ್ಕಿ ಅಂತೂ ನಮ್ಮ ಅಡುಗೆಮನೆಯಷ್ಟಿದೆ. ಬೆಲೆನೂ ನಮಗೆ ಆಗೋ ಅಂಥದ್ದೇ ಅತ್ತಿಗೆ" ಎಂದಳು.

"ಆ ಕಾರಿನ ಸುದ್ದಿ ನನ್ನ ಮುಂದೆ ಎತ್ತಬೇಡ" ಎಂದೆ.

ಅವಳು ಎತ್ತಲಿಲ್ಲ. ಸಂಜೆ ಇಡೀ ಮನೆ ಅದನ್ನು ಎತ್ತದೆ ಊಟ ಮಾಡಿತು. ಎತ್ತದೆ ಇರುವುದೂ ಎಷ್ಟು ಸದ್ದು ಮಾಡುತ್ತದೆ.

ಜೂನ್ 12, ಗುರುವಾರ

ಡೇರೆಯಣ್ಣ ಮನೆಗೆ ಬಂದಿದ್ದ. ಪೇಟೆಯಲ್ಲಿ ಕಾರು ಮಾರುವ ಅಂಗಡಿ ಇಟ್ಟುಕೊಂಡಿದ್ದಾನೆ. ಮುಷ್ಕರದ ಚಳಿಯಲ್ಲಿ ನಮಗೆ ಡೇರೆ ಹಾಕಿಕೊಟ್ಟವನು ಅವನೇ. ಅದಕ್ಕೇ ಆ ಹೆಸರು. ಬಾಡಿಗೆ ಕೇಳಲಿಲ್ಲ, ಪೊಲೀಸರು ಬಂದಾಗ ಡೇರೆ ಬಿಚ್ಚಲಿಲ್ಲ. ಅಂಥ ಮನುಷ್ಯ. ಚಳವಳಿಯವರ ಹಾಗೇ ನನ್ನನ್ನು ಸಂಗಾತಿ ಎನ್ನುತ್ತಾನೆ.

ಅವನ ಬಳಿ ಒಂದು ದೊಡ್ಡ ಸೆಡಾನ್ ಇದೆ. ಮಾಡೆಲ್ ಮಾರುಕಟ್ಟೆಗೆ ಬಂದು ಒಂದು ವರ್ಷ. ತೋರಿಸುವುದಕ್ಕೆಂದು ಅಂಗಡಿಯಲ್ಲೇ ಇಟ್ಟಿದ್ದ ಗಾಡಿಯಾದ್ದರಿಂದ ಅಗ್ಗಕ್ಕೆ ಬಿಡುತ್ತಾನೆ. ಕೆಂಪು ಬಣ್ಣ. ಒಳಗೆ ಟಿ.ವಿ.ಯಂಥ ಪರದೆ. ಕೀಲಿ ಜೇಬಿನಲ್ಲಿದ್ದರೆ ಸಾಕು, ಗುಂಡಿ ಒತ್ತಿದರೆ ಹೊರಡುತ್ತದೆ. "ಸಂಗಾತಿ, ಒಂದು ವಾರ ಓಡಿಸಿ ನೋಡಿ. ಇಷ್ಟ ಆದ್ರೆ ದುಡ್ಡು ಕೊಡಿ" ಎಂದ.

ಕೆಂಪು ಕಾರು. ಇನ್ನೇನು ಬೇಕು.

ಜೂನ್ 15, ಭಾನುವಾರ

ಸಭೆ. ನಾನು ಸುದೀರ್ಘವಾಗಿ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಒಂದು ಕಡೆ ನಮ್ಮ ಕಷ್ಟಕ್ಕೆ ಡೇರೆ ಕೊಟ್ಟವನ ಕಾರು. ಇನ್ನೊಂದು ಕಡೆ ನಮ್ಮ ಎದೆಯ ಮೇಲೆ ಓಡಿದ ಕಾರು. ಕೊಳ್ಳುವುದೂ ಒಂದು ರಾಜಕೀಯ. ನಮ್ಮ ಬೆವರಿನ ದುಡ್ಡು ಶತ್ರುವಿನ ಜೇಬಿಗೆ ವಾಪಸು ಹೋಗಬಾರದು.

"ಕಾರಿಗೂ ಪಕ್ಷ ಇರುತ್ತೇನಮ್ಮ?" ಎಂದರು ಭಾವ.

"ಎಲ್ಲಕ್ಕೂ ಪಕ್ಷ ಇರುತ್ತೆ ಭಾವ."

"ಈ ಹೊಸ ಮಾಡೆಲ್ಲು ಮೂರು ವರ್ಷ ಓಡಿದ್ದನ್ನ ಯಾರೂ ನೋಡಿಲ್ಲ, ಅಷ್ಟೇ ನಾನು ಹೇಳೋದು. ಕುಲುಮೆಗೆ ಹೊಸ ಇಟ್ಟಿಗೆ ಹಾಕಿದ್ರೆ ಮೊದಲನೇ ತಿಂಗಳು ಯಾರೂ ಅದರ ಎದುರಿಗೆ ನಿಲ್ಲಲ್ಲ."

"ಯಾರಾದರೂ ಮೊದಲು ನಿಲ್ಲಬೇಕಲ್ಲ ಭಾವ. ಎಲ್ಲರೂ ಹೀಗೇ ಅಂದಿದ್ರೆ ಮುಷ್ಕರ ಆಗ್ತಿತ್ತಾ?"

ಮತಕ್ಕೆ ಹಾಕಿದೆ. ನಾನು, ನಾದಿನಿ, ಆಮೇಲೆ ಭಾವ ಕೈ ಎತ್ತಿದೆವು. ದೊಡ್ಡಮ್ಮ "ಕಾಲು ಚಾಚೋಕೆ ಜಾಗ ಇದೆ ತಾನೇ?" ಎಂದು ಕೇಳಿ ಎತ್ತಿದಳು. ನಮ್ಮವರ ಕೈ ಕಿವಿಯ ತನಕ ಬಂತು. ಕಿವಿ ಕೆರೆದುಕೊಳ್ಳುತ್ತಿದ್ದರೋ ಏನೋ. ಎಣಿಸಿದೆ. ಸರ್ವಾನುಮತ.

ಜೂನ್ 16, ಸೋಮವಾರ

ಕೆಂಪು ಕಾರಿನಲ್ಲಿ ಗೇಟಿಗೆ ಹೋದೆವು. ಆರಕ್ಕೆ ಇನ್ನೂ ಎಷ್ಟೋ ಹೊತ್ತಿತ್ತು. ದೊಡ್ಡಮ್ಮ ತಾನಾಗಿ ಇಳಿದಳು. ಇಡೀ ಪಾಳಿ ನೋಡಿತು.

ಜೂನ್ 17, ಮಂಗಳವಾರ

ಕಾರು ಹತ್ತಿದ ಕೂಡಲೇ ಪರದೆಯ ಮೇಲೆ ಶುಭೋದಯ ಎಂದು ಬರುತ್ತದೆ. ಕಾರ್ಖಾನೆಗೆ ಸೇರಿದ ಮೇಲೆ ನಮಗೆ ಯಾರಾದರೂ ಹಾಗೆ ಹೇಳಿದ್ದು ಇದೇ ಮೊದಲು.

ಜೂನ್ 19, ಗುರುವಾರ

ಇವತ್ತಿನದನ್ನು ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಸಿಟ್ಟಿನಿಂದ. ಬೇರೆ ಯಾವುದರಿಂದಲೂ ಅಲ್ಲ.

ಬೆಳಗ್ಗೆ ಎಲ್ಲರೂ ಹತ್ತಿ ಕೂತೆವು. ನಮ್ಮವರು ಗುಂಡಿ ಒತ್ತಿದರು. ಶುಭೋದಯ ಎಂದಿತು. ಹೊರಡಲಿಲ್ಲ. ಪರದೆಯ ಮೇಲೆ, ಕೀಲಿ ಕಾಣುತ್ತಿಲ್ಲ ಎಂದು ಬಂತು. ಕೀಲಿ ಅವರ ಕೈಯಲ್ಲೇ ಇತ್ತು. ಪರದೆಯ ಮುಂದೆ ಹಿಡಿದು ತೋರಿಸಿದರು. ಕಾಣುತ್ತಿಲ್ಲ. ನಾದಿನಿ ಕೀಲಿಯನ್ನು ತನ್ನ ಸೆರಗಿಗೆ ಒರೆಸಿ ಕೊಟ್ಟಳು. ಕಾಣುತ್ತಿಲ್ಲ. ಭಾವ ಬಾನೆಟ್ ಎತ್ತಿದರು. ಒಳಗೆ ಎಲ್ಲದರ ಮೇಲೂ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ. "ಇದರಲ್ಲಿ ಮುಟ್ಟೋಕೆ ಏನೂ ಇಲ್ವಲ್ಲೋ" ಎಂದರು ತಮ್ಮನಿಗೆ. ತಳ್ಳೋಣ ಎಂದರೆ ಚಕ್ರ ಬಿಗಿದುಕೊಂಡಿತ್ತು.

ಸರಕಾರಿ ಬಸ್ಸು ಆಗಲೇ ಹೋಗಿಬಿಟ್ಟಿತ್ತು. ಇವತ್ತು ಅದಕ್ಕೆ ಬೇಗ ಬರುವ ಮನಸ್ಸಾಗಿತ್ತು.

ದೊಡ್ಡಮ್ಮ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದಳು. ಕೈಚೀಲ ತೊಡೆಯ ಮೇಲೆ. ಮೂರನೆಯ ಕೆಂಪು ಗುರುತು ಎಂಬುದು ಎಲ್ಲರ ಬಾಯಲ್ಲೂ ಇತ್ತು, ಯಾರೂ ಉಗುಳಲಿಲ್ಲ. ನಾನು ಬೀದಿಗೆ ಇಳಿದು ಯಾವುದಾದರೂ ಗಾಡಿ ಸಿಗುತ್ತದೋ ಎಂದು ನೋಡುತ್ತಿದ್ದೆ. ಆಗ ಬೂದು ಕಾರು ಬಂತು.

ನಾನು ಬೆನ್ನು ತಿರುಗಿಸಿದೆ. ಯೋಚಿಸಿ ಮಾಡಿದ್ದಲ್ಲ, ಮೈ ತಾನಾಗಿ ತಿರುಗಿತು. ಬೆನ್ನ ಹಿಂದೆ ಕಾರು ನಿಂತ ಸದ್ದು ಕೇಳಿಸಿತು. ಬಾಗಿಲು ತೆರೆದ ಸದ್ದು.

"ಅಮ್ಮ, ಬನ್ನಿ. ಈಗ ಹೊರಟ್ರೆ ಆಗುತ್ತೆ."

ಬಾಲನ ದನಿ. ಇಷ್ಟು ದಿನ ಒಂದೇ ಬೀದಿಯಲ್ಲಿದ್ದರೂ ನಾನು ಅವನ ದನಿ ಕೇಳಿದ್ದು ಇವತ್ತೇ ಮೊದಲು.

ದೊಡ್ಡಮ್ಮ ನನ್ನನ್ನು ಕೇಳಲಿಲ್ಲ. ಸಭೆ ಕರೆಯಲಿಲ್ಲ. ಎದ್ದು ಹೋಗಿ ಕೂತಳು. ನಾದಿನಿ, ಭಾವ ಹಿಂದೆ ಹತ್ತಿದರು. "ಅತ್ತಿಗೆ, ಬಾ, ಜಾಗ ಇದೆ" ಎಂದಳು ನಾದಿನಿ. ಕೆಟ್ಟ ಕಾರಿನ ಬಳಿ ಇವರೊಬ್ಬರೇ ಆಗುತ್ತಾರೆ, ನಾನೂ ಇರುತ್ತೇನೆ ಎಂದೆ. ಅದು ನಿಜವೂ ಹೌದು.

ನಾವಿಬ್ಬರೂ ಎರಡು ಗಂಟೆ ತಡವಾಗಿ ಹೋಗಿ ಒಂದೊಂದು ಕೆಂಪು ಗುರುತು ಹಾಕಿಸಿಕೊಂಡೆವು. ದೊಡ್ಡಮ್ಮ ಆರಕ್ಕೆ ಮೊದಲೇ ಬೆಳಕಿನ ಪರದೆಯ ಮುಂದೆ ಕೂತಿದ್ದಳು. ಗೇಟಿನ ಕಾವಲುಗಾರ ಸಾಹೇಬನ ಕಾರೆಂದು ಅಡ್ಡಗಂಬ ಎತ್ತಿ, ಕಾಲು ಜೋಡಿಸಿ ಸೆಲ್ಯೂಟ್ ಹೊಡೆದನಂತೆ.

"ನೀನೇನು ಮಾಡ್ದೆ?" ಎಂದು ಕೇಳಿದೆ.

"ನಾನೂ ಹೊಡೆದೆ" ಎಂದಳು.

ಜೂನ್ 20, ಶುಕ್ರವಾರ

ನಿನ್ನೆ ಕಾರು ದೊಡ್ಡಮ್ಮನನ್ನು ಬಿಟ್ಟು ವಾಪಸು ಬರುವ ತನಕ ಮ್ಯಾನೇಜರ್ ತನ್ನ ಮನೆಯ ಗೇಟಿನಲ್ಲಿ ನಿಂತಿದ್ದನಂತೆ. ಅವನಿಗೆ ಕೆಂಪು ಗುರುತು ಬೀಳುವುದಿಲ್ಲ. ಬಿದ್ದದ್ದು ಆ ಡ್ರೈವರನಿಗೆ. ಎಚ್ಚರಿಕೆಯ ಪತ್ರ ಕೊಟ್ಟಿದ್ದಾರೆ.

ಯಾಕೆ ನಿಲ್ಲಿಸಿದ, ನಾವು ಕೇಳಿರಲಿಲ್ಲ.

ಜೂನ್ 21, ಶನಿವಾರ

ಡೇರೆಯಣ್ಣ ಬಂದು ಕೆಂಪು ಕಾರನ್ನು ಎಳೆಸಿಕೊಂಡು ಹೋದ. ಒಳಗಿನ ಯಾವುದೋ ಪೆಟ್ಟಿಗೆ ಕೆಟ್ಟಿದೆ, ಬದಲಾಯಿಸಿಕೊಡುತ್ತಾರೆ ಎಂದ.

"ಮತ್ತೆ ಹೀಗಾಗುತ್ತಾ?" ಎಂದು ಕೇಳಿದೆ.

"ಸುಳ್ಳು ಹೇಳಲ್ಲ ಸಂಗಾತಿ. ಹೊಸ ಮಾಡೆಲ್ಲು. ಒಳ್ಳೇದೂ ಇರಬಹುದು. ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

"ನಿಮ್ಮ ಡೇರೆ ಮಾತ್ರ ಒಂದು ದಿನಾನೂ ಬೀಳಲಿಲ್ಲ."

"ಅದು ನಮ್ಮಪ್ಪನ ಕಾಲದ್ದು. ಎಷ್ಟು ಗಾಳಿ ನೋಡಿದೆ ಅದು" ಎಂದ.

ಒಳ್ಳೆಯ ಮನುಷ್ಯನೇ. ಕಾರು ಮಾತ್ರ ಅವನಂಥದ್ದಲ್ಲ.

ಜೂನ್ 22, ಭಾನುವಾರ

ಸಭೆ. ಈ ಸಲ ಕರೆದವಳು ದೊಡ್ಡಮ್ಮ.

ಒಮ್ಮೆ ಆದ ತೀರ್ಮಾನವನ್ನು ಒಂದೇ ವಾರದಲ್ಲಿ ಮತ್ತೆ ಎತ್ತುವುದು ನಿಯಮಕ್ಕೆ ವಿರುದ್ಧ ಎಂದೆ. "ನಿನ್ನ ನಿಯಮ ಬೆಳಗ್ಗೆ ಸ್ಟಾರ್ಟ್ ಆಗುತ್ತಾ?" ಎಂದಳು ನಾದಿನಿ. ದೊಡ್ಡಮ್ಮ ಅವಳನ್ನು ಸುಮ್ಮನಿರಿಸಿ ನನ್ನ ಕಡೆ ತಿರುಗಿದಳು.

"ಸೆಕ್ರೆಟ್ರಿ, ಒಂದು ಕೇಳ್ತೀನಿ. ಮುಷ್ಕರದಲ್ಲಿ ದಿನಾ ಬೆನ್ನು ತಿರುಗಿಸಿದ್ವಲ್ಲ. ಒಂದು ದಿನಾನಾದ್ರೂ ತಿರುಗಿಸದೆ ಮನೆಗೆ ಹೋಗಿದ್ವಾ?"

"ಇಲ್ಲ."

"ಗಾಳಿ ಮಳೆ ಹೊಡೆದು ನಾವೆಲ್ಲ ಡೇರೆ ಹಗ್ಗ ಹಿಡ್ಕೊಂಡು ನಿಂತ ದಿನ ಆ ಕಾರು ಬಂತಾ?"

"ಬಂತು."

"ಚಳಿಗೆ ಕಂಪನಿ ಲಾರಿಗಳೇ ಮೇಲೇಳದೆ ಶೆಡ್ಡಲ್ಲಿ ಮಲಗಿದ್ವಲ್ಲ, ನಾವು ಚಪ್ಪಾಳೆ ಹೊಡೆದಿದ್ವಲ್ಲ, ಅವತ್ತು?"

"ಬಂತು."

"ರಸ್ತೆ ತುಂಬಾ ಹೊಳೆ ನೀರು ನಿಂತಿತ್ತಲ್ಲ?"

"ನಿಧಾನಕ್ಕೆ ಬಂತು."

"ಬಂತು ತಾನೇ? ಅಷ್ಟೂ ಜನ ಅದು ಕೆಟ್ಟು ನಿಲ್ಲಲಿ ಅಂತ ಹಲ್ಲು ಕಡ್ಕೊಂಡು ಕಾಯ್ತಿದ್ವಿ. ನಾನಂತೂ ಬಾಯಿ ಬಿಟ್ಟೇ ಶಾಪ ಹಾಕಿದೀನಿ. ನಿಲ್ಲಲಿಲ್ಲ. ಬಾಟಲಿನ ಎಷ್ಟು ಬಡಿದು ನೋಡ್ತೀವಿ ನಾವು? ಒಂದು ಸಲ, ಎರಡು ಸಲ. ಆ ಕಾರನ್ನ ಒಂದು ಚಳಿಗಾಲ ಪೂರ್ತಿ ಬಡಿದು ನೋಡಿದೀವಿ. ಅಂಗಡೀಲಿ ಇಂಥ ಕಾರು ಯಾರು ತೋರಿಸ್ತಾರೆ ನಮಗೆ?"

ನಾನು ರಾಜಕೀಯದ ಮಾತೆತ್ತಿದೆ. ಜನ ಏನೆನ್ನುತ್ತಾರೆ, ಕಾರ್ಯದರ್ಶಿ ಮ್ಯಾನೇಜರನ ಕಾರಿನಲ್ಲಿ ಬಂದಳು ಎನ್ನುವುದಿಲ್ಲವೇ ಎಂದೆ.

"ನಾನು ಕೆಲಸ ಕಳ್ಕೊಂಡ್ರೆ ಏನಂತಾರೆ?" ಎಂದಳು ದೊಡ್ಡಮ್ಮ. ಗಟ್ಟಿಯಾಗಿ ಅನ್ನಲಿಲ್ಲ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪರಿಶೀಲಿಸಲು ಕಾಲಾವಕಾಶ ಬೇಕು ಎಂದೆ. ಆಡಳಿತದವರು ನಮಗೆ ಹೇಳುವ ಮಾತು ಅದು. ಬೇರೆ ಮಾತು ಹೊಳೆಯಲಿಲ್ಲ.

ಜೂನ್ 24, ಮಂಗಳವಾರ

ಪಾಳಿ ಮುಗಿಸಿ ನಮ್ಮವರೂ ನಾನೂ ಬೀದಿಯ ಕೊನೆಯ ಮನೆಗೆ ಹೋದೆವು. ಡ್ರೈವರು ಕಾರಿನ ಗಾಜು ಒರೆಸುತ್ತಿದ್ದರು. ನಮ್ಮನ್ನು ಕಂಡು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, "ಬನ್ನಿ ಅಕ್ಕ" ಎಂದರು. ನಿನ್ನೆ ತಾನೇ ಮಾತಾಡಿದ್ದವರ ಹಾಗೆ.

ಕಾರು ನೋಡಬೇಕು ಎಂದೆ. ಅವರು ಹೊಗಳಲಿಲ್ಲ. ಮೊದಲು ಹುಳುಕು ಹೇಳಿದರು. ಎಡಗಡೆ ಹಿಂದಿನ ಗಾಜು ಅರ್ಧಕ್ಕೆ ನಿಲ್ಲುತ್ತದೆ. ಎ.ಸಿ. ಇದೆ ಎಂದು ಹೇಳಿಕೊಳ್ಳಬಹುದು, ಅಷ್ಟೇ. ಡಿಕ್ಕಿಯ ಬಾಗಿಲನ್ನು ಸ್ವಲ್ಪ ಎತ್ತಿ ಬಡಿಯಬೇಕು. ಟೈರು ಇನ್ನೊಂದು ವರ್ಷ. ಇಂಜಿನ್ನಿಗೆ ಮಾತ್ರ ಇಲ್ಲಿಯ ತನಕ ಯಾರೂ ಕೈ ಹಾಕಿಲ್ಲ, ಹೊತ್ತು ಹೊತ್ತಿಗೆ ಎಣ್ಣೆ ಬದಲಾಯಿಸಿದ್ದು ಬಿಟ್ಟರೆ. ಇದೇ ಮಾಡೆಲ್ಲಿನ, ಇದಕ್ಕಿಂತ ಹಳೆಯ ಗಾಡಿಗಳು ಪೇಟೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇನ್ನೂ ಓಡುತ್ತಿವೆ, ಬೇಕಾದರೆ ಹೋಗಿ ಕೇಳಿ ಎಂದರು. ಬಿಡಿಭಾಗ ಯಾವ ಅಂಗಡಿಯಲ್ಲಾದರೂ ಸಿಗುತ್ತದಂತೆ.

ನಮ್ಮವರು ಬಾನೆಟ್ ಎತ್ತಿ ಬಗ್ಗಿ ನೋಡಿದರು. ಮದುವೆಯಾದಾಗಿನಿಂದ ಅವರ ಮುಖ ಅಷ್ಟು ಬೆಳಗಿದ್ದು ನಾನು ಕಂಡಿಲ್ಲ. "ಎಲ್ಲಾ ಕೈಗೆ ಸಿಗುತ್ತೆ" ಎಂದರು.

ಕೇಳಬಾರದೆಂದುಕೊಂಡಿದ್ದೆ, ಕೇಳಿದೆ. "ಅಷ್ಟು ದಿನ ನಮ್ಮ ಮುಂದೆ ಓಡಿಸಿಕೊಂಡು ಹೋದ್ರಲ್ಲ. ಏನನ್ನಿಸ್ತಿತ್ತು?"

ಅವರು ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ. "ಒಂದಿನ ಇದು ಸ್ಟಾರ್ಟ್ ಆಗದೆ ಇರಲಿ ಅಂತ ನಾನೂ ಕಾಯ್ತಿದ್ದೆ ಅಕ್ಕ. ಕೆಟ್ಟಿದೆ ಸಾರ್, ಇವತ್ತು ಆಗಲ್ಲ ಅಂತ ಹೇಳ್ಬಹುದಿತ್ತಲ್ಲ. ದಿನಾ ಕೀ ತಿರುಗಿಸ್ತಿದ್ದೆ, ದಿನಾ ಶುರುವಾಗ್ತಿತ್ತು. ಬೇಕಂತಲೇ ಕೆಡಿಸೋಕೆ ಮನಸ್ಸು ಬರಲಿಲ್ಲ. ನೀವು ಒಳ್ಳೆ ಬಾಟಲಿ ಒಡೀತೀರಾ?"

"ನಮ್ಮ ಜೊತೆ ಬಂದು ಕೂತ್ಕೋಬಹುದಿತ್ತು."

"ಯಾರು ಕರೆದ್ರು?"

ನಾನೂ ಬಾನೆಟ್ಟಿನೊಳಗೆ ಬಗ್ಗಿ ನೋಡಿದೆ.

"ನಾನು ಗುತ್ತಿಗೆಯವನು ಅಕ್ಕ. ನಿಮ್ಮ ಸಂಘದ ಚೀಟಿ ನಮಗೆ ಕೊಡಲ್ಲ. ನಾನು ಒಂದಿನ ಬರದೆ ಇದ್ರೆ ಮಾರನೇ ದಿನ ಬೇರೆಯವನು ಓಡಿಸ್ತಿದ್ದ. ನೀವು ಅವನಿಗೂ ಬೆನ್ನು ತಿರುಗಿಸ್ತಿದ್ರಿ, ಅಷ್ಟೇ."

ಗುತ್ತಿಗೆ ಡ್ರೈವರುಗಳಿಗೆ ಸದಸ್ಯತ್ವ ಇಲ್ಲ ಎಂಬುದು ಸಂಘದ ನಿಯಮ. ನಾನು ಮಾಡಿದ್ದಲ್ಲ.

ವಾಪಸು ಬರುವಾಗ ಅವರೇ ಕಾರಿನಲ್ಲಿ ಮನೆಯ ತನಕ ಬಿಟ್ಟರು. ಹತ್ತಿದೆ. ಸೀಟು ಮೆತ್ತಗಿದೆ.

ಜೂನ್ 25, ಬುಧವಾರ

ನಿಯಮದ ಪುಸ್ತಕ ತೆಗೆದು ನೋಡಿದೆ. ಸರ್ವಸದಸ್ಯರ ಸಭೆ ಒಪ್ಪಿದರೆ ಯಾವ ನಿಯಮವನ್ನೂ ತಿದ್ದಬಹುದು ಎಂದಿದೆ. ಸುಮ್ಮನೆ ನೋಡಿದ್ದು.

ಟ್ಯಾಕ್ಸಿ ಸ್ಟ್ಯಾಂಡಿಗೂ ಹೋಗಿದ್ದೆ. ಆ ಮಾಡೆಲ್ಲಿನ ಗಾಡಿ ಓಡಿಸುವ ಮುದುಕ, "ನನ್ನ ಹಲ್ಲು ಹೋದ್ವು, ಇದರ ಗೇರು ಹೋಗ್ಲಿಲ್ಲ" ಎಂದ. ಬೇರೆ ಮೂವರನ್ನು ಕೇಳಿದೆ. ಯಾರೂ ಇಂಜಿನ್ನಿನ ಮೇಲೆ ದೂರು ಹೇಳಲಿಲ್ಲ. ಒಬ್ಬ ಹೆಂಡತಿಯ ಮೇಲೆ ಹೇಳಿದ.

ಜೂನ್ 27, ಶುಕ್ರವಾರ

ನಿನ್ನೆ ರಾತ್ರಿ ಊಟದ ಮಧ್ಯೆ, ಅರ್ಜಿ ಹಾಕೋಣ ಎಂದೆ. ಯಾರೂ ಕೈ ಎತ್ತಲಿಲ್ಲ, ಎಲ್ಲರ ಕೈಯೂ ತಟ್ಟೆಯಲ್ಲಿತ್ತು. ಸರಿ, ತೀರ್ಮಾನ ಆಯಿತು ಎಂದೆ.

ಇವತ್ತು ಅರ್ಜಿ ಕೊಡಲು ಹೋದಾಗ ಸಿಬ್ಬಂದಿ ಅಧಿಕಾರಿ ಅದನ್ನು ಎರಡು ಸಲ ಓದಿದ. ಇಷ್ಟು ವರ್ಷ ಈ ಕೋಣೆಗೆ ನಾನು ಕೊಟ್ಟ ಮನವಿಗಳಿಗೆ ಲೆಕ್ಕವಿಲ್ಲ. ಒಪ್ಪಿಗೆಯಾದದ್ದು ಇದೇ ಮೊದಲು. ಬೇರೆ ಯಾರೂ ಅರ್ಜಿ ಹಾಕಿಲ್ಲವಂತೆ. ಯಾರು ಹಾಕುತ್ತಾರೆ? ಅಷ್ಟೂ ಜನ ಬೆನ್ನು ತಿರುಗಿಸಿದ ಕಾರು.

"ಅಂತೂ ಕಾರೇ ತಗೊಂಡ್ರಿ. ಇನ್ನು ಬಸ್ಸಿನ ಗಲಾಟೆ ಇರಲ್ಲ ಅಂದ್ಕೊಳ್ಲಾ?" ಎಂದು ನಕ್ಕ.

ನಾನೂ ನಕ್ಕೆ. "ಈ ಕಾರಲ್ಲಿ ಐದು ಜನ ಹಿಡಿಸ್ತಾರೆ ಸಾರ್. ಮೊದಲ ಪಾಳಿಗೆ ಬರೋರು ನೂರಾರು ಜನ. ಎಲ್ಲರಿಗೂ ಇಂಥದ್ದೊಂದು ಮಾರ್ತೀರಾ, ಇಲ್ಲಾ ಬಸ್ ಬಿಡ್ತೀರಾ, ಯೋಚನೆ ಮಾಡಿ. ಹಂತ ಹಂತವಾಗಿ."

ಕಾರು ಕೊಂಡದ್ದರಿಂದ ಬೇಡಿಕೆ ಮಾರಿದಂತಾಗಲಿಲ್ಲ. ಇದನ್ನು ಗೇಟಿನಲ್ಲೂ ಹೇಳಬೇಕು.

ಜುಲೈ 6, ಭಾನುವಾರ

ಡ್ರೈವರಣ್ಣ ಕಾರು ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿದರು. ತೊಳೆದು ತಂದಿದ್ದರು. ನಮ್ಮವರ ಕೈಗೆ ಕೀಲಿ ಕೊಡುವ ಮೊದಲು, "ತುಂಬಾ ಚಳಿ ಇದ್ರೆ ಕೀ ಅರ್ಧಕ್ಕೆ ತಿರುಗಿಸಿ, ಒಂದು ಉಸಿರು ಬಿಟ್ಟು, ಆಮೇಲೆ ಪೂರ್ತಿ ತಿರುಗಿಸಿ" ಎಂದರು. ನಮ್ಮವರು ಒಂದು ಉಸಿರು ಬಿಟ್ಟು ತೋರಿಸಿದರು. "ಅಷ್ಟೇ" ಎಂದರು ಅವರು. ಇಬ್ಬರೂ ಹೆಚ್ಚು ಮಾತಾಡುವವರಲ್ಲ. ಕಾರಿನ ಸುತ್ತ ಎರಡು ಸುತ್ತು ಹಾಕಿದರು.

"ಹೊಸ ಕಾರು ಹೇಗಿದೆ?" ಎಂದು ನಾದಿನಿ ಕೇಳಿದಳು.

"ನಾನು ಓಡಿಸಲ್ಲಮ್ಮ. ಹೊಸ ಕಾರಿಗೆ ಹೊಸ ಏಜೆನ್ಸಿಯವನು ಬಂದ. ಎಚ್ಚರಿಕೆ ಪತ್ರ ಇದ್ದೋರು ಬೇಡ ಅಂದ್ರಂತೆ."

ಆ ಪತ್ರ ಬಂದದ್ದು ಯಾವ ಬೆಳಗಿಗೆ ಎಂದು ಎಲ್ಲರಿಗೂ ಗೊತ್ತು. ದೊಡ್ಡಮ್ಮ ಒಳಗೆ ಹೋಗಿ ಅವರಿಗೆಂದು ಟೀ ಮಾಡಿಕೊಂಡು ಬಂದಳು. ಅವಳು ಟೀ ಮಾಡುವುದು ಬಿಟ್ಟು ವರ್ಷವಾಯಿತು. ಸಕ್ಕರೆ ಜಾಸ್ತಿಯಾಗಿತ್ತು. ಅವರು ಪೂರ್ತಿ ಕುಡಿದರು.

ಟೀ ಮುಗಿದ ಮೇಲೆ ನಾನು ಸಂಘದ ಅಧ್ಯಕ್ಷರ ಮನೆಗೆ ಹೋದೆ. ಕೆಲಸವಿತ್ತು.

ಜುಲೈ 7, ಸೋಮವಾರ

ಕೀಲಿ ಅರ್ಧ ತಿರುಗಿಸಿದರು. ಒಂದು ಉಸಿರು. ಶುರುವಾಯಿತು. ಶುಭೋದಯ ಎಂದೇನೂ ಹೇಳಲಿಲ್ಲ.

ಬ್ಯಾನರ್ ಡಿಕ್ಕಿಯಲ್ಲಿ, ಗಳಗಳ ಸಮೇತ. ದೊಡ್ಡಮ್ಮ ಮುಂದೆ, ಕಾಲು ಚಾಚಿ. ನಾನು ಹಿಂದೆ, ಅರ್ಧಕ್ಕೆ ನಿಲ್ಲುವ ಗಾಜಿನ ಪಕ್ಕ. ಗೇಟಿನಲ್ಲಿ ಹೇಳಬೇಕಾದ ಭಾಷಣವನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಸಿದ್ಧಮಾಡಿಕೊಂಡೆ. ವಿವರಣೆ ಇತ್ತು, ಸಿದ್ಧಾಂತ ಇತ್ತು, ಚೆನ್ನಾಗಿತ್ತು.

ಗೇಟಿನ ಮುಂದೆ ಪಾಳಿಯವರೆಲ್ಲ ನಿಂತಿದ್ದರು. ನಮ್ಮ ಬೂದು ಕಾರು ತಿರುವಿನಲ್ಲಿ ಅವರಿಗೆ ಕಂಡಿತು. ಅಷ್ಟೂ ಜನ, ಒಬ್ಬರ ಹಿಂದೊಬ್ಬರು, ಬೆನ್ನು ತಿರುಗಿಸಿದರು.

ನಾನು ಮಂಡಿಸಿದ ಠರಾವು. ಅದನ್ನು ಕಾರಿನ ಒಳಗಿನಿಂದ ನೋಡಿದ್ದು ಇವತ್ತೇ ಮೊದಲು. ಬರೀ ಬೆನ್ನುಗಳು. ಗುರುತಿನ ಬೆನ್ನುಗಳು. ಯಾರದು ಯಾವುದು ಎಂದು ಹೇಳಬಲ್ಲೆ, ಆದರೆ ಒಂದು ಮುಖವಿಲ್ಲ. ಒಂದು ಚಳಿಗಾಲ ಪೂರ್ತಿ ಡ್ರೈವರಣ್ಣ ದಿನಾ ಬೆಳಗ್ಗೆ ನೋಡಿದ್ದು ಇದನ್ನು.

ನಮ್ಮವರು ನಿಧಾನ ಮಾಡಿದರು. ದೊಡ್ಡಮ್ಮ ಕೈ ಚಾಚಿ ತಾನೇ ಹಾರನ್ ಒತ್ತಿದಳು. ಗಾಜು ಇಳಿಸಿ, "ಈ ಕಡೆ ತಿರುಗ್ರೋ. ನಾನು ಕಣ್ರೋ" ಎಂದಳು.

ಒಂದು ಮುಖ ತಿರುಗಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ. ಯಾರೋ ಹಿಂದಿನಿಂದ, "ಏನಮ್ಮಾ, ಮ್ಯಾನೇಜರ್ ಆದ್ಯಾ?" ಎಂದು ಕೂಗಿದ. "ಹೂಂ, ನಿನ್ನ ಸಂಬಳ ಕಟ್" ಎಂದಳು. ನಗು ಗೇಟಿನ ತನಕ ಹೋಯಿತು. ಕಾವಲುಗಾರ ಸೆಲ್ಯೂಟಿಗೆಂದು ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಟೋಪಿ ಸರಿಮಾಡಿಕೊಂಡ.

ನಾನು ಇಳಿದೆ. ಕುಲುಮೆಯವನೊಬ್ಬ ನಗದೆ ನಿಂತಿದ್ದ. "ಸೆಕ್ರೆಟರಿ, ಇದೇನಿದು? ಈ ಕಾರೇ ಬೇಕಿತ್ತಾ?"

ಎಲ್ಲರೂ ನನ್ನ ಭಾಷಣಕ್ಕೆ ಕಾದರು. ನಾನೂ ಕಾದೆ.

"ದಿನಾ ಸ್ಟಾರ್ಟ್ ಆಗುತ್ತೆ. ನೀನೇ ನೋಡಿದೀಯಲ್ಲ" ಎಂದೆ.

ಅವನು ಕಾರನ್ನು ಒಮ್ಮೆ ನೋಡಿದ. "ಅದೇನೋ ನಿಜ" ಎಂದು ಒಳಗೆ ಹೋದ. ದೊಡ್ಡಮ್ಮ ಆರಕ್ಕೆ ಬಹಳ ಮೊದಲೇ ಪರದೆಯ ಮುಂದೆ ಕೂತು, ಮೊದಲ ಬಾಟಲಿ ಎತ್ತಿ ಬಿಸಾಡಿದಳು. ಕತ್ತು ಓರೆಯಾಗಿತ್ತು.

ಜುಲೈ 9, ಬುಧವಾರ

ಅಧ್ಯಕ್ಷರು ಒಪ್ಪಿದರು. ಸರ್ವಸದಸ್ಯರ ಸಭೆ ಕರೆಯುವ ಚೀಟಿಗಳನ್ನು ನಾದಿನಿ ಪ್ಯಾಕಿಂಗಿನಲ್ಲಿ ಹಂಚಿದ್ದಾಳೆ, ಭಾವ ಕುಲುಮೆಯಲ್ಲಿ. ಚರ್ಚೆಗೆ ಎರಡು ವಿಷಯ. ಒಂದು, ಬಸ್ಸು. ಎರಡು, ಗುತ್ತಿಗೆಯವರಿಗೆ ಸದಸ್ಯತ್ವ ಕೊಡುವಂತೆ ನಿಯಮದ ತಿದ್ದುಪಡಿ, ಮತ್ತು ಮೊದಲನೆಯ ಹೊಸ ಸದಸ್ಯನ ಕೆಲಸ ವಾಪಸು ಕೊಡಿಸುವುದು. ಠರಾವು ನಾನೇ ಮಂಡಿಸುತ್ತೇನೆ. ಚಿಕ್ಕದಾಗಿ.

ಸಂಜೆ ಡ್ರೈವರಣ್ಣನ ಮನೆಗೆ ಹೋಗಿ ಚೀಟಿ ಕೊಟ್ಟೆ. ಬರುತ್ತೇನೆ ಎಂದಿದ್ದಾರೆ. ಅವರು ಅಂದ ಮೇಲೆ ಬರುತ್ತಾರೆ.

ಸಭೆ: ಭಾನುವಾರ, ಜುಲೈ 13, ಬೆಳಗ್ಗೆ ಹತ್ತು ಗಂಟೆಗೆ, ಬಸ್ಸಿಲ್ಲದ ಬಸ್ ಸ್ಟಾಪಿನ ಕಂಬದ ಕೆಳಗೆ.